ಹಾಡಿದವರ ಉಸಿರೂ ಕೇಳಿಸ್ತಿದೆ

ಇದು ನಡೆದದ್ದು. ಉಪ್ಪು ಖಾರ ಹಚ್ಚಿಲ್ಲ. ನಂಬಿಕೆ ಬಾರದವರು ಆ ಹಸಿರು ಪಿಕಪ್ಪಿನ ಎಡಗಡೆಯ ಬಾಗಿಲನ್ನು ಒಮ್ಮೆ ಹಾಕಿ ನೋಡಬಹುದು. ತುಸು ಮೇಲಕ್ಕೆತ್ತಿ, ಒಳಕ್ಕೆ ನೂಕಿ, ಸೊಂಟದಿಂದ ಒಂದು ಗುದ್ದು ಕೊಟ್ಟರೆ ಮಾತ್ರ ಕೂರುತ್ತದೆ. ಆ ಬಾಗಿಲು ನಿಜವಾದರೆ ಈ ಕಥೆಯೂ ನಿಜ.

ಪಿಕಪ್ಪು ಭಾವನದು. ಭಾವ ಎಂದರೆ ರೇಡಿಯೋನ ಅಕ್ಕನ ಗಂಡ. ರೇಡಿಯೋ ಎಂದರೆ ಗಾಡಿಗಳಿಗೆ ಸ್ಪೀಕರ್ ಕೂರಿಸುವ ಅಂಗಡಿಯವನು. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಅದು ಈಗ ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿದೆ. ಐದನೇ ತರಗತಿಯಲ್ಲಿ ಬಾಗಿಲ ಮರೆಯಲ್ಲಿ ನಿಂತು ಹೆಡ್‌ಮಾಸ್ಟರ ದನಿಯಲ್ಲಿ ‘ಇವತ್ತು ಅರ್ಧ ದಿನ’ ಎಂದು ಗುಡುಗಿ ಇಡೀ ಶಾಲೆಯನ್ನು ಮನೆಗೆ ಕಳಿಸಿದ ದಿನದಿಂದ ಅವನು ರೇಡಿಯೋ. ಕಂಡವರ ದನಿಯೆಲ್ಲ ಅವನ ಗಂಟಲಿನಲ್ಲಿ ಬಾಡಿಗೆಗಿತ್ತು. ಪಕ್ಕದ ಪಂಕ್ಚರ್ ಅಣ್ಣನ ಕೆಮ್ಮು, ಎದುರಿನ ಟೈಲರಮ್ಮನ ಮೂಗಿನ ಮಾತು, ಸ್ಟಾರ್ಟ್ ಆಗದ ಮೋಟಾರ್ ಸೈಕಲ್ಲು, ಎಲ್ಲ ಬರುತ್ತಿತ್ತು. ಮನೆಯವರು ಸೇರಿದಾಗ ‘ಅಕ್ಕನ ದರ್ಬಾರು’ ಎಂಬ ಇನ್ನೊಂದು ಬಾಬತ್ತು ಇತ್ತು. ಇತ್ತೀಚೆಗೆ ಅಕ್ಕ ಭಾವನ ಹತ್ತಿರ ಗೋಡೆ ಬಿರಿಯುವಂತೆ ಕೂಗಿ ಮಾತಾಡುತ್ತಾಳಲ್ಲ, ಅದು. ಅಕ್ಕನೂ ನಗುತ್ತಿದ್ದಳು. ಬೇಗ ನಗು ಮುಗಿಸಿ ಒಳಗೆ ಹೋಗುತ್ತಿದ್ದಳು.

ಅವನ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಹೆಸರು ‘ಕಿವಿ ಪರೀಕ್ಷೆ’. ಕೆಲಸ ಮುಗಿದ ಮೇಲೆ ಗಿರಾಕಿಯನ್ನು ಗಾಡಿಯಲ್ಲಿ ಕೂರಿಸುವುದು. ಹೊಸ ಸ್ಪೀಕರಿಗೆ ಇನ್ನೂ ವೈರು ಸಿಕ್ಕಿಸಿರುವುದಿಲ್ಲ. ಸೀಟಿನಡಿ ಬಚ್ಚಿಟ್ಟ ಹಳೆಯ ಸ್ಪೀಕರೇ ಕರಕರ ಹಾಡುತ್ತಿರುತ್ತದೆ. ರೇಡಿಯೋ ಆಪರೇಷನ್ ಮಾಡುವ ಡಾಕ್ಟರಂತೆ ಮುಖ ಬಿಗಿದು, ಯಾವುದಕ್ಕೂ ಸಂಬಂಧವಿಲ್ಲದ ಒಂದು ಗುಂಡಿ ತಿರುಗಿಸಿ, “ಈಗ ಕೇಳಿ” ಎನ್ನುವನು. ಗಿರಾಕಿ ಕಣ್ಣರಳಿಸಿ, ಅಬ್ಬಾ, ಎಲ್ಲಿಂದ ಎಲ್ಲಿಗೆ ಬಂತು ಎಂದು ಹೊಗಳುವನು. ಹೊಗಳಿಕೆ ಮುಗಿಯಲು ಬಿಟ್ಟು, ಹಳೆಯದನ್ನು ಸೀಟಿನಡಿಯಿಂದ ಹೊರಗೆಳೆದು ತೋರಿಸಿ, ಆಮೇಲೆ ಹೊಸದಕ್ಕೆ ವೈರು. ಗಿರಾಕಿ ಹಣೆ ಚಚ್ಚಿಕೊಂಡು ನಗುತ್ತಿದ್ದ. ಎರಡು ವಾರದೊಳಗೆ ಗೆಳೆಯನ ಗಾಡಿ ಹೊಡೆಸಿಕೊಂಡು ಬರುತ್ತಿದ್ದ, ಗೆಳೆಯನೂ ಹಳ್ಳಕ್ಕೆ ಬೀಳುವುದನ್ನು ನೋಡಬೇಕಲ್ಲ. ಪರೀಕ್ಷೆಯ ಹೊತ್ತಿಗೆ ರೇಡಿಯೋ ಒಂದು ಸಿಳ್ಳೆ ಹಾಕಿದರೆ ಸಾಕು, ಪಂಕ್ಚರ್ ಅಣ್ಣ ಟ್ಯೂಬನ್ನು ನೀರಿನ ತೊಟ್ಟಿಯಲ್ಲೇ ಬಿಟ್ಟು, ಟೈಲರಮ್ಮ ಕೊರಳಿನ ಅಳತೆ ಟೇಪಿನೊಂದಿಗೇ ಓಡಿ ಬರುತ್ತಿದ್ದರು.

ಇಂಥ ಅಂಗಡಿಗೆ ಒಂದು ಬೆಳಿಗ್ಗೆ ಭಾವ ಗಾಡಿ ತಂದು ನಿಲ್ಲಿಸಿದರು.

ಇಪ್ಪತ್ತೆರಡು ವರ್ಷದ ಗಾಡಿ. ಹಿಂದೆ ಕಿಟಕಿ ಗಾಜು ಒರಗಿಸಲು ಮರದ ಚೌಕಟ್ಟು, ಚೌಕಟ್ಟಿಗೆ ಸುತ್ತಿದ ಹಳೆಯ ಕಂಬಳಿ. ಭಾವ ಗಾಜಿನ ಅಂಗಡಿಯ ಮಾಲನ್ನು ಮನೆ ಮನೆಗೆ ಸಾಗಿಸುವವರು. ಇಷ್ಟು ವರ್ಷದಲ್ಲಿ ಮೈದುನನ ಅಂಗಡಿಗೆ ಬಂದು ಏನೂ ಕೇಳಿದವರಲ್ಲ. ಡ್ಯಾಶ್‌ಬೋರ್ಡಿನಲ್ಲಿ ಸೊಟ್ಟಗೆ ಕೂತಿದ್ದ ಕ್ಯಾಸೆಟ್ ಟೇಪನ್ನು ರೇಡಿಯೋ ತನ್ನ ಹದಿನಾರನೇ ವಯಸ್ಸಿನಲ್ಲಿ ಕೂರಿಸಿದ್ದ, ಅದು ಅವನ ಮೊದಲ ಕೆಲಸ. ಗಾಡಿ ಹಾಳಾಗುತ್ತದೆ ಎಂದು ಎಲ್ಲರೂ ಬೇಡ ಎಂದಾಗ ಕೀಲಿ ಕೈಗೆ ಕೊಟ್ಟು, ಬಿಚ್ಚು, ಕಲಿ ಎಂದವರು ಭಾವ. ಸೊಟ್ಟಗಾಯಿತು. ಭಾವ ಕತ್ತು ಓರೆ ಮಾಡಿ ನೋಡಿ, ಈಗ ನೆಟ್ಟಗಿದೆ ಬಿಡು ಎಂದಿದ್ದರು. ಆಮೇಲೆ ಯಾರಿಗೂ ಅದನ್ನು ಮುಟ್ಟಲು ಬಿಟ್ಟಿರಲಿಲ್ಲ.

“ಇದನ್ನ ತೆಗೆದುಬಿಡು,” ಎಂದರು ಈಗ. “ಹೊಸದು ಹಾಕು. ಜೋರಾಗಿ ಕೇಳಿಸೋ ಅಂಥದ್ದು. ಫೋನೂ ಅದರಲ್ಲೇ ಬರಬೇಕು.”

ರೇಡಿಯೋ ಭಾವನ ಸುತ್ತ ಒಂದು ಸುತ್ತು ಬಂದ. ಈ ವಯಸ್ಸಿಗೆ ಇದೇನು ಚಪಲ, ಗಾಜು ಸಾಗಿಸೋ ಗಾಡಿಗೆ ಗುಡುಗು ತುಂಬಿದರೆ ಮಾಲೆಲ್ಲ ದಾರೀಲೇ ಪುಡಿಯಾಗಿ, ಬಾಗಿಲಿಗೆ ಒಯ್ದು ಸುರಿಯೋದೊಂದೇ ಬಾಕಿ ಅಲ್ಲವೇ ಎಂದು ಕೆಣಕಿದ. ಭಾವ ಅವನ ಬಾಯಿಯನ್ನೇ ನೋಡುತ್ತಿದ್ದು, ಒಂದು ಗಳಿಗೆ ತಡೆದು ಮುಗುಳ್ನಕ್ಕರು. ಹೂಂ ಎಂದರು. ಭಾವನ ಹೂಂ ಎಂದರೆ ಹಾಗೆಯೇ, ಎಲ್ಲದಕ್ಕೂ ಒಂದೇ ಅಳತೆ. ರೇಡಿಯೋ ಅದನ್ನು ದೊಡ್ಡತನ ಎಂದುಕೊಂಡಿದ್ದ.

ಎರಡು ದಿನದ ಕೆಲಸ. ಬಾಗಿಲಿನ ಒಳ ಹಲಗೆ ಬಿಚ್ಚಿದರೆ ಹಳೆಯ ಸ್ಪೀಕರಿನ ಕಾಗದ ಒಣಗಿದ ಎಲೆಯಂತೆ ಕೈಗೆ ಬಂತು. ತಗಡು ಅದುರದಂತೆ ಒಳಗಡೆ ದಪ್ಪ ಅಂಟುಹಾಳೆ ಹಚ್ಚಿದ. ಬ್ಯಾಟರಿಯಿಂದ ಬೇರೆಯೇ ವೈರು ಎಳೆದು, ಫ್ಯೂಸ್ ಹಾಕಿ, ಆಂಪ್ಲಿಫೈಯರನ್ನು ಸೀಟಿನ ಹಿಂದೆ ಬಿಗಿದ. ಎಂಜಿನ್ ಏರಿದಾಗ ಸ್ಪೀಕರಿನಲ್ಲಿ ಸೊಳ್ಳೆಯಂಥ ಒಂದು ಕುಂಯ್‌ಗುಡುವಿಕೆ ಬರುತ್ತಿತ್ತು, ಅದನ್ನು ಹುಡುಕಿ ಸಾಯಿಸಲು ಅರ್ಧ ದಿನ ಹಿಡಿಯಿತು. ಹೊಸ ಸ್ಟೀರಿಯೋವನ್ನು ಮಟ್ಟಗೋಲಿಟ್ಟು ನೆಟ್ಟಗೆ ಕೂರಿಸಿದ. ಕಿತ್ತ ಟೇಪನ್ನು ಎಸೆಯಲು ಮನಸ್ಸಾಗದೆ ಕಪಾಟಿನ ಮೇಲಿಟ್ಟ.

ಭಾವನಿಗೆ ಮಾಮೂಲಿ ಪರೀಕ್ಷೆ ಸಾಲದು ಎಂದು ಅವನಿಗೆ ಅನ್ನಿಸಿದ್ದು ಎರಡನೇ ದಿನ ಮಧ್ಯಾಹ್ನ. ಭಾವ ಇದ್ದದ್ದು ಇದ್ದ ಹಾಗೆ ಹೇಳುವವರು, ಹಳೇ ಸ್ಪೀಕರಿಗೆ ಮೋಸ ಹೋಗುವವರಲ್ಲ. ಆದ್ದರಿಂದ ಯಾವ ಸ್ಪೀಕರಿಗೂ ವೈರು ಬೇಡ. ಪರದೆಯ ಮೇಲೆ ಬಣ್ಣದ ಗೆರೆಗಳು ಕುಣಿಯಲಿ, ಸದ್ದು ಸೊನ್ನೆ. ಭಾವ ತಮ್ಮ ಒಣ ದನಿಯಲ್ಲಿ ‘ಏನೂ ಬರ್ತಿಲ್ಲವಲ್ಲೋ ಪೆದ್ದ’ ಎನ್ನುತ್ತಾರೆ, ಅಂಗಡಿಯ ಚರಿತ್ರೆಯಲ್ಲಿ ಮೊದಲ ಬಾರಿಗೆ ಒಬ್ಬರು ಪಾಸಾಗುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುವುದು. ಅವನ ಲೆಕ್ಕ ಇದು. ಆ ‘ಪೆದ್ದ’ವನ್ನು ಭಾವನ ದನಿಯಲ್ಲಿ ಎರಡು ಸಲ ಅಭ್ಯಾಸವನ್ನೂ ಮಾಡಿಕೊಂಡ.

ಸಿಳ್ಳೆ ಬಿತ್ತು. ಪಂಕ್ಚರ್ ಅಣ್ಣ ಬಂದ, ಟೈಲರಮ್ಮ ಬಂದಳು. ಗಾಜಿನ ಅಂಗಡಿಯ ಯಜಮಾನರೂ ಸ್ಕೂಟರಿನಲ್ಲಿ ಬಂದಿದ್ದರು. ಸಂಜೆ ಒಂದು ಮನೆಗೆ ಏಳು ಗಾಜು ಹೋಗಬೇಕಿತ್ತು, ಗಾಡಿಯ ಕೆಲಸ ಎಲ್ಲಿಗೆ ಬಂತು ಎಂದು ನೋಡಲು. ಮೂವರನ್ನೂ ರೇಡಿಯೋ ಗಾಡಿಯ ಹಿಂಬದಿಗೆ ನಿಲ್ಲಿಸಿ, ತುಟಿಯ ಮೇಲೆ ಬೆರಳಿಟ್ಟು, ಭಾವನನ್ನು ಸ್ಟೀರಿಂಗ್ ಮುಂದೆ ಕೂರಿಸಿದ. ಗುಂಡಿ ಒತ್ತಿದ. ಗೆರೆಗಳು ಕುಣಿದವು.

“ಹೇಗಿದೆ ಭಾವ?”

ಭಾವ ಪರದೆ ನೋಡಿದರು. ರೇಡಿಯೋನ ಮುಖ ನೋಡಿದರು. ಆಮೇಲೆ ಮೆಲ್ಲನೆ ಕಣ್ಣು ಮುಚ್ಚಿ, ಸ್ಟೀರಿಂಗ್ ಮೇಲೆ ಬೆರಳಿನಿಂದ ತಾಳ ಹಾಕತೊಡಗಿದರು. ತಲೆ ಎಡಕ್ಕೆ ಬಲಕ್ಕೆ ತೂಗಿತು. ನಡುನಡುವೆ ಒಂದು ಕಣ್ಣು ತುಸು ತೆರೆದು ಗೆರೆಗಳು ಎಷ್ಟು ಬೇಗ ಏರಿಳಿಯುತ್ತಿವೆ ಎಂದು ನೋಡಿಕೊಂಡು ಮತ್ತೆ ಮುಚ್ಚುತ್ತಿತ್ತು.

“ತುಂಬಾ ಚೆನ್ನಾಗಿದೆ ಕಣೋ,” ಎಂದರು. “ಎಷ್ಟು ಸ್ಪಷ್ಟ. ಹಾಡಿದವರ ಉಸಿರೂ ಕೇಳಿಸ್ತಿದೆ.”

ಹಿಂದೆ ನಗು ಸಿಡಿಯಿತು. ಪಂಕ್ಚರ್ ಅಣ್ಣ ಟಯರಿಗೆ ಒರಗಿ ನಕ್ಕ. ಟೈಲರಮ್ಮ ಅಳತೆ ಟೇಪನ್ನೇ ಬಾಯಿಗೆ ಅಡ್ಡ ಹಿಡಿದಳು. ಯಜಮಾನರೂ ನಕ್ಕರು. ರೇಡಿಯೋ ಮಾತ್ರ ಭಾವನ ತಲೆಯನ್ನೇ ನೋಡಿದ. ಇಷ್ಟು ವರ್ಷ ಇಷ್ಟು ಜನ ಈ ಪರೀಕ್ಷೆಗೆ ಕೂತಿದ್ದಾರೆ. ಹಿಂದೆ ನಗು ಎದ್ದ ಕೂಡಲೇ ಎಲ್ಲರ ತಲೆಯೂ ತಿರುಗುತ್ತಿತ್ತು. ಭಾವನ ತಲೆ ತಿರುಗಲಿಲ್ಲ. ಅದು ತೂಗುತ್ತಲೇ ಇತ್ತು.

ಅವನಿಗೆ ಆಗಲೇ ಗೊತ್ತಾಯಿತು. ಇದನ್ನು ಮರೆಮಾಚುವ ಹಾಗಿಲ್ಲ. ಗೊತ್ತಾದ ಮೇಲೆ ಅವನು ಏನು ಮಾಡಿದ ಎಂಬುದೇ ಮುಂದೆ ಅವನನ್ನು ತಿಂದದ್ದು. ಗಾಡಿಯ ಪಕ್ಕದಿಂದ ಹಿಂದಕ್ಕೆ ಸರಿದ. ಮೂರು ಜೊತೆ ಕಣ್ಣು ಅವನನ್ನೇ ನೋಡುತ್ತಿದ್ದವು, ಇನ್ನೂ ಏನಾದರೂ ಬರುತ್ತದೆಂದು. ಬಾಯಿ ತನ್ನ ಪಾಡಿಗೆ ತಾನು ತೆರೆಯಿತು. ಕಣ್ಣು ಮುಚ್ಚಿ, ಗಾಳಿಯಲ್ಲಿ ತಾಳ ಹಾಕುತ್ತ, ತಲೆ ತೂಗುತ್ತ, ಭಾವನ ಅದೇ ದನಿಯಲ್ಲಿ, “ಹಾಡಿದವರ ಉಸಿರೂ ಕೇಳಿಸ್ತಿದೆ.” ಅದು ಎಷ್ಟು ಸರಿಯಾಗಿ ಬಂತೆಂದರೆ ಪಂಕ್ಚರ್ ಅಣ್ಣ ನೆಲಕ್ಕೇ ಕೂತುಬಿಟ್ಟ.

ಮೊದಲು ನಗು ನಿಲ್ಲಿಸಿದವರು ಯಜಮಾನರು. ಅವರು ಭಾವನ ಬೆನ್ನನ್ನು ನೋಡುತ್ತಿದ್ದರು. ಒಂದು ಹೆಜ್ಜೆ ಮುಂದೆ ಹೋಗಿ, ಮೂರು ಅಡಿ ದೂರದಿಂದ ಭಾವನನ್ನು ಕರೆದರು. ಇನ್ನೊಮ್ಮೆ, ತುಸು ಜೋರಾಗಿ. ತಾಳ ನಿಲ್ಲಲಿಲ್ಲ.

“ಇವರಿಗೆ ಕಿವಿ ಕೇಳಿಸೋದಿಲ್ವಾ?” ಎಂದು ರೇಡಿಯೋನನ್ನು ಕೇಳಿದರು.

ರೇಡಿಯೋ ಎಣ್ಣೆಗೈಯನ್ನು ಅಂಗಿಗೆ ಒರೆಸಿಕೊಂಡ.

ಯಜಮಾನರು ಕೆಟ್ಟವರಲ್ಲ, ಕೆಟ್ಟವರಾಗಿದ್ದರೆ ಸುಲಭವಿತ್ತು. ಹೋದ ತಿಂಗಳು ಗಾಡಿ ಹಿಂದಕ್ಕೆ ಬರುವಾಗ ಗಾಜು ಹಿಡಿದವನು ಗೋಡೆಗೂ ಗಾಡಿಗೂ ನಡುವೆ ಸಿಕ್ಕಿ, ನಿಲ್ಲಿಸಿ ನಿಲ್ಲಿಸಿ ಎಂದು ಕೂಗಿದ್ದನಂತೆ. ಭುಜ ತರಚಿತು, ಗಾಜು ಹೋಯಿತು. ಏನೋ ಯೋಚನೆಯಲ್ಲಿದ್ದೆ ಎಂದು ಭಾವ ಹೇಳಿದ್ದನ್ನು ತಾವು ನಂಬಿದ್ದಾಗಿ ಯಜಮಾನರು ಮೆಲ್ಲನೆ ಹೇಳಿದರು. ಇವತ್ತಿನ ಏಳು ಗಾಜಿಗೆ ಬೇರೆ ಗಾಡಿ ಮಾಡುತ್ತೇನೆ, ಮುಂದಿನದು ಆಮೇಲೆ ನೋಡೋಣ ಎಂದು ಹೊರಟುಹೋದರು. ಭಾವನಿಗೆ ಬೆನ್ನ ಹಿಂದೆಯೇ ಕೆಲಸ ಹೋಯಿತು. ಇಲ್ಲದ ಹಾಡಿಗೆ ಭಾವ ತಲೆದೂಗುತ್ತಲೇ ಇದ್ದರು.

ಉಳಿದಿಬ್ಬರೂ ತಮ್ಮ ತಮ್ಮ ಕೆಲಸ ನೆನಪಾಗಿ ಸರಿದರು. ರೇಡಿಯೋ ಸೀಟಿನ ಹಿಂದೆ ಬಗ್ಗಿ, ವೈರು ಸಿಕ್ಕಿಸಿದ. ಇಡೀ ಗಾಡಿ ಒಮ್ಮೆಗೇ ತುಂಬಿಕೊಂಡಿತು. ಬಾಗಿಲು, ಸೀಟು, ಸ್ಟೀರಿಂಗು ಎಲ್ಲವೂ. ಭಾವನ ಬೆರಳು ನಿಂತಿತು. ಕಣ್ಣು ತೆರೆದು, ಅಂಗೈಯನ್ನು ಡ್ಯಾಶ್‌ಬೋರ್ಡಿನ ಮೇಲೆ ಚಪ್ಪಟೆಯಾಗಿ ಊರಿದರು. ಅಂಗೈಗೆ ಎಲ್ಲ ತಿಳಿಯಿತು. ಕತ್ತು ತಿರುಗಿಸಿ ಹಿಂದೆ ನೋಡಿದರು. ಯಾರೂ ಇರಲಿಲ್ಲ, ಯಜಮಾನರ ಸ್ಕೂಟರು ನಿಂತಿದ್ದ ಜಾಗ ಖಾಲಿ.

“ಮೊದಲು ಇದು ಇರಲಿಲ್ಲ,” ಎಂದರು. ಕೇಳಿದ್ದಲ್ಲ, ಹೇಳಿದ್ದು.

ರೇಡಿಯೋ ಬಾಯಿ ತೆರೆದ. ಭಾವ ಆ ಬಾಯನ್ನೇ ನೋಡುತ್ತಿದ್ದರು, ಏನು ಬರುತ್ತದೆಂದು. ರೇಡಿಯೋ ಮುಖ ತಿರುಗಿಸಿ ಸ್ಕ್ರೂಡ್ರೈವರ್ ಎತ್ತಿಕೊಂಡ. ಭಾವ ಇಳಿದು ಸುತ್ತಿ ಬಂದು ಎಡಬಾಗಿಲನ್ನು ಎತ್ತಿ ಗುದ್ದಿ ಹಾಕಿ, ಗಾಡಿ ತೆಗೆದುಕೊಂಡು ಹೊರಟರು. ಆ ಬೀದಿಯ ಕೊನೆಯವರೆಗೂ ಹಾಡು ಕೇಳಿಸಿತು. ನಿಲ್ಲಿಸುವುದು ಹೇಗೆಂದು ಅವರಿಗೆ ಯಾರೂ ತೋರಿಸಿರಲಿಲ್ಲ.

ಸಂಜೆ ಅಂಗಡಿ ಮುಚ್ಚಿ ಅಕ್ಕನ ಮನೆಗೆ ಹೋದ. ಅಕ್ಕ ಒಗೆದ ಬಟ್ಟೆ ಮಡಿಸುತ್ತಿದ್ದಳು. ಟೈಲರಮ್ಮ ಫೋನಿನಲ್ಲಿ ಅತ್ತು ಎಲ್ಲ ಹೇಳಿಯಾಗಿತ್ತು. ಅಕ್ಕ ಅಳಲಿಲ್ಲ, ಕೂಗಲೂ ಇಲ್ಲ. ಬಹಳ ದಿನದ ಮೇಲೆ ಅವಳ ನಿಜವಾದ ದನಿ ಕೇಳಿದ, ಸಣ್ಣದು.

“ಎಲ್ಲರ ದನೀನೂ ಹಿಡೀತೀಯ. ಎರಡು ವರ್ಷದಿಂದ ನನ್ನ ದನಿ ಯಾಕೆ ಜೋರಾಯ್ತು ಅಂತ ಒಂದಿನ ಕೇಳಿದ್ಯಾ? ಅದನ್ನೂ ಆಡಿ ತೋರಿಸಿದೆ. ನಾನೂ ನಕ್ಕೆ. ನಗದೇ ಇದ್ರೆ ಎಲ್ರಿಗೂ ಗೊತ್ತಾಗಿಬಿಡ್ತಿತ್ತು.”

ಒಂದು ಅಂಗಿಯ ತೋಳು ನೇರ ಮಾಡುತ್ತ ಉಳಿದದ್ದನ್ನೂ ಹೇಳಿದಳು. ಯಜಮಾನರು ಫೋನಿನಲ್ಲಿ ಮನೆಗಳ ವಿಳಾಸ ಹೇಳುತ್ತಾರೆ. ಭಾವನಿಗೆ ಅದು ತಿಳಿಯದೆ, ಗಾಡಿ ಬದಿಗೆ ನಿಲ್ಲಿಸಿ, ಯಾರಾದರೂ ಅಂಗಡಿಯವರ ಕೈಗೆ ಫೋನ್ ಕೊಟ್ಟು, ಕನ್ನಡಕ ತಂದಿಲ್ಲ, ವಿಳಾಸ ಬರಕೊಡಿ ಎನ್ನುತ್ತಿದ್ದರಂತೆ. ಕಿವಿಗೆ ಕನ್ನಡಕದ ನೆಪ. ಕಿವಿಗೆ ಹಾಕುವ ಮಿಷನ್ ಹಾಕಿಕೊಳ್ಳಿ ಎಂದರೆ ನಾಲ್ಕು ಜನ ನೋಡುತ್ತಾರೆ ಎಂದು ನಾಚಿಕೆ. ಫೋನಿನ ದನಿ ಗಾಡಿ ತುಂಬ ಜೋರಾಗಿ ಬಂದರೆ ಕೆಲಸ ಉಳಿಯುತ್ತದೆಂದು ಸ್ಪೀಕರ್ ಯೋಚನೆ ಮಾಡಿದ್ದು. “ನಮ್ಮವನೇ ಇದ್ದಾನಲ್ಲ, ಯಾಕೆ ಏನು ಅಂತ ಕೇಳಲ್ಲ ಅಂದ್ರು,” ಎಂದಳು ಅಕ್ಕ.

ಮುಂದಿನ ಕೋಣೆಯಲ್ಲಿ ಭಾವ ಟಿವಿಯ ಮುಂದೆ ಕೂತಿದ್ದರು. ರೇಡಿಯೋ ಕುರ್ಚಿಯ ಹಿಂದೆ ಹೋಗಿ ನಿಂತು, “ತಪ್ಪಾಯ್ತು ಭಾವ” ಎಂದ. ಟಿವಿಯಲ್ಲಿ ಯಾರೋ ಬಾಯಿ ಆಡಿಸುತ್ತಿದ್ದರು, ಭಾವ ಅಲುಗಲಿಲ್ಲ. ಹೇಳಿದ ಮೇಲೆ ಹೊಳೆಯಿತು, ತಾನು ಬೇಕೆಂತಲೇ ಬೆನ್ನ ಹಿಂದೆ ನಿಂತು ಹೇಳಿದ್ದೆಂದು. ನಾಲ್ಕು ಹೆಜ್ಜೆ ಸುತ್ತಿ ಮುಂದೆ ಹೋಗಿ ಆ ಮುಖಕ್ಕೆ ಹೇಳಬೇಕಿತ್ತು. ನಾಲ್ಕು ಹೆಜ್ಜೆ. ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದ.

ಮರುದಿನದಿಂದ ಅಂಗಡಿಗೆ ಬೀಗ. ಅಕ್ಕನ ಹತ್ತಿರ ಗಾಡಿಯ ಕೀಲಿ ಕೇಳಿ ಪಡೆದು ಅವರ ಮನೆಯ ಮುಂದೆಯೇ ಕೆಲಸ ಹಿಡಿದ. ಒಂದು ದೊಡ್ಡ ಸ್ಪೀಕರಿನ ಕಾಗದ ಕತ್ತರಿಸಿ ತೆಗೆದ. ಈಗ ಅದು ಹಾಡುವುದಿಲ್ಲ, ನಡುಗುತ್ತದೆ ಅಷ್ಟೆ. ಅದನ್ನು ಡ್ರೈವರ್ ಸೀಟಿನ ಕಬ್ಬಿಣಕ್ಕೆ ಬೋಲ್ಟು ಹಾಕಿ ಬಿಗಿದ. ಗಾಡಿಯ ಹಿಂದೆ ಎರಡೂ ಮೂಲೆಗೆ ಅಂಗೈಯಷ್ಟಗಲದ ಕೆಂಪು ಗುಂಡಿ, ಗಾಜು ಹಿಡಿದವನು ಮೊಣಕೈಯಿಂದಲೂ ಒತ್ತಬಹುದು. ಒತ್ತಿದರೆ ಸೀಟು ಗದಗದ ನಡುಗಬೇಕು, ಕಣ್ಣೆದುರು ದೀಪ ಹತ್ತಬೇಕು. ಹಿಂದಿನದು ಕಾಣಲು ಪರದೆಗೆ ಒಂದು ಕ್ಯಾಮೆರಾ. ಭಾವ ಕಿಟಕಿಯಿಂದ ನೋಡುತ್ತಿದ್ದರು, ಹೊರಗೆ ಬರಲಿಲ್ಲ. ಎರಡನೇ ದಿನ, ರೇಡಿಯೋ ಸೀಟಿನಡಿ ಕತ್ತಲಲ್ಲಿ ಬೋಲ್ಟು ತಡಕುತ್ತಿದ್ದಾಗ, ಮೇಲಿನಿಂದ ಟಾರ್ಚಿನ ಬೆಳಕು ಬಿತ್ತು. ಹಿಡಿದವರ ಕೈ ಅವನಿಗೆ ಗೊತ್ತಿತ್ತು. ಬೋಲ್ಟು ಕೂತ ಮೇಲೆ ಬೆಳಕು ಹೋಯಿತು.

ನಾಲ್ಕನೇ ದಿನ ಯಜಮಾನರನ್ನು ಅಂಗಡಿಗೆ ಕರೆದ. ಅವರೆದುರು ಯಾವ ಆಟವೂ ಹೂಡದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಪಂಕ್ಚರ್ ಅಣ್ಣನನ್ನೂ ಟೈಲರಮ್ಮನನ್ನೂ ಸಿಳ್ಳೆ ಹಾಕದೆ, ನಡೆದು ಹೋಗಿ ಕರೆದುಕೊಂಡು ಬಂದ. ಅಕ್ಕ ಭಾವನ ಜೊತೆ ಗಾಡಿಯಲ್ಲೇ ಬಂದಿಳಿದಳು. ಯಜಮಾನರು ತಾವೇ ಗಾಡಿಯ ಹಿಂದೆ ನಿಂತರು. ಭಾವ ಹಿಂದಕ್ಕೆ ಬಿಟ್ಟರು. ಇವರು ಗುಂಡಿ ಒತ್ತಿದರು. ಗಾಡಿ ಅಲ್ಲೇ ನಿಂತಿತು. ಏಳು ಸಲ ಒತ್ತಿದರು, ಏಳು ಸಲ ನಿಂತಿತು. ಒಂದು ಸಲ ಹೇಳದೆ ಕೇಳದೆ ಎಡಮೂಲೆಗೆ ಓಡಿಹೋಗಿ ಒತ್ತಿದರು, ಅದಕ್ಕೂ ನಿಂತಿತು.

ಕಿವಿಯ ಡಾಕ್ಟರಿಗೆ ತೋರಿಸಬೇಕು, ಅವರು ಮಿಷನ್ ಅಂದರೆ ಮಿಷನ್ ಹಾಕಲೇಬೇಕು, ಗಾಡಿ ಓಡಿಸಬಹುದು ಅಂತ ಅವರು ಬರೆದುಕೊಟ್ಟ ಮೇಲೆ ಒಂದು ತಿಂಗಳು ನೋಡೋಣ, ವಿಳಾಸ ಇನ್ನುಮೇಲೆ ಬರೆದೇ ಕಳಿಸುತ್ತೇನೆ ಎಂದರು ಯಜಮಾನರು. ಭಾವನ ಎದುರಿಗೆ ಬಂದು, ಮುಖ ಕೊಟ್ಟು, ನಿಧಾನವಾಗಿ ಹೇಳಿದರು. ಭಾವ ಹೂಂ ಎಂದರು. ಈ ಸಲ ಅದು ಕೇಳಿಸಿಕೊಂಡವರ ಹೂಂ.

ಎಲ್ಲರಿಗೂ ಉಸಿರು ಬಂದಂತಾಯಿತು. ರೇಡಿಯೋ ಸ್ಕ್ರೂಡ್ರೈವರ್ ಎತ್ತಿಡಲು ಬಗ್ಗಿದ. ಅವನ ಹೆಗಲ ಮೇಲೆ ಒಂದು ಕೈ ಬಿತ್ತು.

“ಅವತ್ತು ಹಿಂದೆ ನಿಂತು ನನ್ನ ಹಾಗೆ ಮಾಡಿದ್ಯಂತೆ,” ಎಂದರು ಭಾವ. ದನಿ ಬೇಕಾದ್ದಕ್ಕಿಂತ ಜೋರಿತ್ತು. ಅದು ಜೋರಿದೆ ಎಂದು ಅವರಿಗೆ ಗೊತ್ತಿರಲಿಲ್ಲ.

ರೇಡಿಯೋ ನೆಲ ನೋಡಿದ.

“ಇವರೆಲ್ಲ ನೋಡಿದ್ದಾರೆ. ನಾನೊಬ್ಬನೇ ಬಾಕಿ. ಮಾಡು, ನೋಡ್ತೀನಿ.”

“ಬೇಡ ಭಾವ.”

“ತಲೆ ಎತ್ತಿ ಹೇಳು, ಬಾಯಿ ಕಾಣಲ್ಲ.”

ತಲೆ ಎತ್ತಿದ. “ಬೇಡ ಭಾವ. ತಪ್ಪಾಯ್ತು.” ಈ ಸಲ ಮುಖಕ್ಕೆ ಹೇಳಿದ. ಭಾವ ಅದನ್ನು ಓದಿಕೊಂಡು ತಲೆಯಾಡಿಸಿದರು. ಆದರೂ ಡ್ರೈವರ್ ಬದಿಯ ಬಾಗಿಲು ತೆಗೆದು ಹಿಡಿದು ನಿಂತರು. ಬಾಗಿಲು ಬಿಡುವವರ ಹಾಗೆ ಕಾಣಲಿಲ್ಲ.

ಹತ್ತಿ ಕೂತ. ಎದುರಿಗೆ ಹೊಸ ಸ್ಟೀರಿಯೋ ಒಂದು ಕೂದಲೆಳೆಯೂ ಸೊಟ್ಟವಿಲ್ಲದೆ ಕೂತಿತ್ತು. ಅಕ್ಕ ಕೈಕಟ್ಟಿ ನಿಂತಿದ್ದಳು. ಜನರೆದುರು ಬಾಯಿ ತೆರೆಯಲು ಅವನಿಗೆ ಜನ್ಮದಲ್ಲಿ ಮೊದಲ ಸಲ ಹೆದರಿಕೆಯಾಯಿತು. ಕಣ್ಣು ಮುಚ್ಚಿದ. ಸ್ಟೀರಿಂಗ್ ಮೇಲೆ ಬೆರಳಿಟ್ಟು ತಾಳ ಹಾಕಿದ. ತಲೆ ಎಡಕ್ಕೆ, ಬಲಕ್ಕೆ. ಒಂದು ಕಣ್ಣು ಸ್ವಲ್ಪ ತೆರೆದು ಪರದೆ ನೋಡಿ ಮುಚ್ಚುವುದನ್ನೂ ಬಿಡಲಿಲ್ಲ, ಬಿಟ್ಟರೆ ಅದು ಇನ್ನೊಂದು ಸುಳ್ಳಾಗುತ್ತಿತ್ತು. ಆಮೇಲೆ ಭಾವನಿಗೆ ಓದಲು ಬರುವಂತೆ ತುಟಿಯನ್ನು ಒಂದೊಂದೇ ಅಕ್ಷರಕ್ಕೂ ಅಗಲಿಸಿ ಹೇಳಿದ, “ಹಾಡಿದವರ ಉಸಿರೂ ಕೇಳಿಸ್ತಿದೆ.”

ಯಾರೂ ನಗಲಿಲ್ಲ. ಪಂಕ್ಚರ್ ಅಣ್ಣನ ಕೆಮ್ಮೂ ಇಲ್ಲ. ಮುಚ್ಚಿದ ಕಣ್ಣಿನ ಒಳಗೆ ಎಲ್ಲ ನಿಶ್ಶಬ್ದ. ಹೊರಗೆ ಯಾರು ಯಾರ ಮುಖ ನೋಡುತ್ತಿದ್ದಾರೆ, ಯಾರು ಹೋದರು, ಯಾರು ಉಳಿದರು, ಒಂದೂ ಗೊತ್ತಾಗಲಿಲ್ಲ. ಅವತ್ತು ಭಾವ ಈ ನಿಶ್ಶಬ್ದದಲ್ಲೇ ಕೂತಿದ್ದರು. ಇದರಲ್ಲೇ ಕೂತು ಅವನ ಕೆಲಸವನ್ನು ಚೆನ್ನಾಗಿದೆ ಎಂದಿದ್ದರು. ಅವನು ತಾಳ ನಿಲ್ಲಿಸಲಾರದೆ ಹಾಕುತ್ತಲೇ ಇದ್ದ.

ಆಗ ಎದ್ದಿತು ಒಂದು ನಗು. ಮೊದಲು ಗೊರಕೆಯಂತೆ ಶುರುವಾಗಿ, ಆಮೇಲೆ ಕಟ್ಟೆ ಒಡೆದಂತೆ. ಎಷ್ಟು ಜೋರು ಎಂಬ ಅಳತೆಯೇ ಇಲ್ಲದ ನಗು. ಮೇಲಕ್ಕೆ ಹೋಗಿ, ಅಲ್ಲಿ ಒಡೆದು, ಮತ್ತೆ ಕೆಳಗಿನಿಂದ ಎದ್ದು ಬರುತ್ತಿತ್ತು. ಎದುರು ಬೀದಿಯ ಮಹಡಿಯಲ್ಲಿ ಯಾರೋ ಕಿಟಕಿ ತೆರೆದರು. ಅಕ್ಕ “ಸಾಕು, ಮೆಲ್ಲಗೆ” ಎಂದು ತನ್ನ ಸಣ್ಣ ದನಿಯಲ್ಲಿ ಹೇಳಿದ್ದು ಅವರಿಗೆ ಮುಟ್ಟಲಿಲ್ಲ. ರೇಡಿಯೋ ಕಣ್ಣು ತೆರೆಯಲಿಲ್ಲ. ಬಾಗಿಲ ಮೇಲೆ ಊರಿದ್ದ ಭಾವನ ಕೈಯಿಂದ ಆ ನಗು ಬಾಗಿಲಿಗಿಳಿದು, ಬಾಗಿಲಿನಿಂದ ಸೀಟಿಗೆ ಬಂದು, ಅವನ ಬೆನ್ನನ್ನು ಗದಗದ ನಡುಗಿಸುತ್ತಿತ್ತು.